ಮಕ್ಕಳು, ಅಜ್ಜ-ಅಜ್ಜಿ ಎಲ್ಲರನ್ನೂ ಕರೆದುಕೊಂಡು ಕಛ್‌ಗೆ: ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಹೊರಡುವವರಿಗೆ

ಗುಜರಾತಿನ ಕಛ್‌ಗೆ ಹೋಗೋದು ಹೇಗೆ ಅಂತ ನಮ್ಮ ಕಡೆ ಈಗ ಸುಮಾರು ಜನ ಕೇಳುತ್ತಾರೆ. ಎಲ್ಲರ ತಲೆಯಲ್ಲೂ ಇರುವುದು ಒಂದೇ ಚಿತ್ರ: ಬಿಳಿ ಉಪ್ಪಿನ ಬಯಲು, ಮೇಲೆ ಹುಣ್ಣಿಮೆ ಚಂದ್ರ. ಆ ಬಯಲು ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ದೂರ ಹೋಗಿ ಒಂದು ಸಂಜೆ ಫೋಟೋ ತೆಗೆದುಕೊಂಡು ಮರುದಿನವೇ ವಾಪಸ್ ರೈಲು ಹತ್ತುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಲ್ಲಿ ಉಪ್ಪಿನ ಮರುಭೂಮಿಯ ಜೊತೆಗೆ ಲಾವಾದಿಂದ ಆದ ಕಪ್ಪು ಗುಡ್ಡಗಳಿವೆ, ಹುಲ್ಲುಗಾವಲಿದೆ, ಕಾಡುಕತ್ತೆಗಳಿವೆ, ಲಕ್ಷಗಟ್ಟಲೆ ಹಕ್ಕಿ ಬಂದು ಇಳಿಯುವ ಕೆರೆಗಳಿವೆ.

ಜಾಗ ಎಷ್ಟು ದೊಡ್ಡದು ಅನ್ನೋದು ಮೊದಲು ಗೊತ್ತಿರಲಿ. ನಮ್ಮ ಉತ್ತರ ಕನ್ನಡ 10,291 ಚದರ ಕಿಲೋಮೀಟರ್. ಕಛ್ ಜಿಲ್ಲೆ 45,674. ಅಲ್ಲಿ 2008ರಲ್ಲಿ ಘೋಷಣೆಯಾದ ಜೀವಗೋಳ ಮೀಸಲು ಪ್ರದೇಶ ಒಂದೇ 12 ಸಾವಿರ ಚದರ ಕಿಲೋಮೀಟರ್ ದಾಟುತ್ತದೆ, ಅಂದರೆ ನಮ್ಮ ಇಡೀ ಜಿಲ್ಲೆಗಿಂತ ದೊಡ್ಡದು. ಕಾರವಾರದಿಂದ ಭಟ್ಕಳಕ್ಕೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಜಿಲ್ಲಾ ಕೇಂದ್ರ ಭುಜ್‌ನಲ್ಲಿ ಒಂದೇ ಕಡೆ ರೂಮ್ ಮಾಡಿ, ದಿನಕ್ಕೆ ಒಂದೇ ದಿಕ್ಕು ಇಟ್ಟುಕೊಳ್ಳಿ. ಮುಂದಿನದೆಲ್ಲ ಈ ಲೆಕ್ಕದ ಮೇಲೇ ಬರೆದಿದ್ದು.

ಮೊದಲು ತಿಂಗಳು ಗಟ್ಟಿ ಮಾಡಿ

ನಮ್ಮ ಶಾಲೆಗಳಿಗೆ ದೊಡ್ಡ ರಜೆ ಎರಡು, ದಸರಾ ಮತ್ತು ಬೇಸಿಗೆ. ಕಷ್ಟ ಏನೆಂದರೆ ಕಛ್‌ಗೆ ಎರಡೂ ಆಗಿ ಬರುವುದಿಲ್ಲ. ಮಳೆಗಾಲದಲ್ಲಿ ರಣ್, ಅಂದರೆ ಆ ಉಪ್ಪಿನ ಬಯಲಿನ ತುಂಬ ನೀರು ನಿಂತಿರುತ್ತದೆ, ದಸರಾ ಹೊತ್ತಿಗೆ ಅದು ಒಣಗಿರುವುದಿಲ್ಲ, ಅಲ್ಲಿ ಕಾಣುವುದು ಕೆಸರು. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೆರಳಿಗೆ ಒಂದು ಮರ ಇರುವುದಿಲ್ಲ. ವಯಸ್ಸಾದವರನ್ನು, ಸಣ್ಣ ಮಕ್ಕಳನ್ನು ಆ ಬಿಸಿಲಿಗೆ ದಯವಿಟ್ಟು ಕರೆದುಕೊಂಡು ಹೋಗಬೇಡಿ. ರಜೆ ಇದೆ ಅನ್ನೋದು ಅದಕ್ಕೆ ಕಾರಣ ಆಗಬಾರದು.

ಸರಿಯಾದ ಕಾಲ ಅಂದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ. ಉಪ್ಪು ಗಟ್ಟಿಯಾಗಿ ಬೆಳ್ಳಗೆ ಕಾಣುವುದು ಆಗಲೇ. ಶಾಲೆಗೆ ಒಂದು ಅರ್ಜಿ ಬರೆದುಕೊಟ್ಟು, ಸಂಕ್ರಾಂತಿಯದ್ದೋ ಗಣರಾಜ್ಯೋತ್ಸವದ್ದೋ ರಜೆ ಜೊತೆಗೆ ಸೇರಿಸಿಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದವರಿಗೆ ಡಿಸೆಂಬರ್-ಜನವರಿಯಲ್ಲಿ ಅಡಿಕೆ ಕೊಯ್ಲು, ಮನೆ ಬಿಟ್ಟು ಹೊರಡಲು ಆಗುವುದೇ ಇಲ್ಲ. ಅವರಿಗೆ ಫೆಬ್ರವರಿ ಒಳ್ಳೆಯದು. ಅಂಗಳದ ಅಡಿಕೆಗೆ ಯಾರಾದರೂ ಒಬ್ಬರು ಇದ್ದರೆ ಸಾಕು. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ತಾರೀಖು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಮನೆಯಲ್ಲಿ ಅರ್ಧ ಜನ ಬರುವುದಿಲ್ಲ ಅಂತ ಕೂತುಬಿಡುತ್ತಾರೆ.

ಹುಣ್ಣಿಮೆಯ ವಿಚಾರ. ಬಿಳಿ ಬಯಲಿನ ಪಕ್ಕದ ಧೋರ್ಡೋ ಊರಿನಲ್ಲಿ ಚಳಿಗಾಲ ಪೂರ್ತಿ ರಣ್ ಉತ್ಸವ ನಡೆಯುತ್ತದೆ, ಹುಣ್ಣಿಮೆ ಆಸುಪಾಸಿನಲ್ಲಿ ವಿಪರೀತ ಜನ, ರೂಮಿಗೆ ವಿಪರೀತ ರೇಟು. ಮಕ್ಕಳು ಜೊತೆಗಿದ್ದರೆ ಹುಣ್ಣಿಮೆಗೆ ಮೂರ್ನಾಲ್ಕು ದಿನ ಮೊದಲು ಹೋಗಿ. ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಆಗಲೇ ಮೇಲೆ ಬಂದಿರುತ್ತಾನೆ, ರಾತ್ರಿ ತನಕ ಕಾಯುವ ಕೆಲಸ ಇಲ್ಲ. ನಕ್ಷತ್ರ ನೋಡುವ ಆಸೆ ಇದ್ದವರು ಅಮಾವಾಸ್ಯೆ ಹತ್ತಿರದ ದಿನ ಆರಿಸಿಕೊಳ್ಳಿ.

ಟಿಕೆಟ್

ಕೊಂಕಣ ರೈಲ್ವೆ ಮೇಲೆ ನಾಗರಕೋಯಿಲ್‌ನಿಂದ ಗಾಂಧಿಧಾಮಕ್ಕೆ ವಾರಕ್ಕೊಂದು ರೈಲಿದೆ, ನಮ್ಮ ಜಿಲ್ಲೆ ದಾಟಿಯೇ ಹೋಗುತ್ತದೆ. ನಿಮಗೆ ಹತ್ತಿರದ ಯಾವ ಸ್ಟೇಷನ್‌ನಲ್ಲಿ ನಿಲ್ಲುತ್ತದೆ, ವಾರದ ಯಾವ ದಿನ ಅಂತ ಐಆರ್‌ಸಿಟಿಸಿಯಲ್ಲಿ ನೋಡಿಕೊಳ್ಳಿ. ಗಾಂಧಿಧಾಮದಿಂದ ಭುಜ್‌ಗೆ ಸುಮಾರು 60 ಕಿಲೋಮೀಟರ್, ಟ್ಯಾಕ್ಸಿಯಲ್ಲಿ ಮುಗಿಯುತ್ತದೆ. ವಯಸ್ಸಾದವರಿದ್ದರೆ ನನ್ನ ಓಟು ಈ ರೈಲಿಗೇ, ಯಾಕೆಂದರೆ ನಡುವೆ ಇಳಿದು ಸಾಮಾನು ಹೊತ್ತು ಪ್ಲಾಟ್‌ಫಾರ್ಮ್ ಬದಲಿಸುವ ಗೋಳಿಲ್ಲ.

ಆ ದಿನ ಹೊಂದದಿದ್ದರೆ ಮುಂಬೈ ಮೇಲೆ ಹೋಗಬಹುದು. ಮತ್ಸ್ಯಗಂಧದಲ್ಲಿ ರಾತ್ರಿ ಹೊರಟು ಕುರ್ಲಾ ಇಳಿದು, ಅಲ್ಲಿಂದ ಬಾಂದ್ರಾ ಟರ್ಮಿನಸ್‌ಗೆ ಹೋಗಿ ಕಛ್ ಎಕ್ಸ್‌ಪ್ರೆಸ್, ಇಲ್ಲವೇ ದಾದರ್‌ನಿಂದ ಸಯಾಜಿನಗರಿ. ಎರಡೂ ನೇರ ಭುಜ್‌ಗೆ. ಎರಡು ರೈಲುಗಳ ನಡುವೆ ಗಂಟೆಗಳನ್ನು ಧಾರಾಳವಾಗಿ ಬಿಡಿ. ಕೊಂಕಣದ ರೈಲು ತಡವಾಗುವುದು ಹೊಸತೇನಲ್ಲ. ಮುಂಬೈನಲ್ಲಿ ನೆಂಟರಿದ್ದರೆ ಹಗಲು ಅವರ ಮನೆಯಲ್ಲಿ ಸ್ನಾನ, ಊಟ ಮುಗಿಸಿಕೊಳ್ಳಿ, ನಮ್ಮೂರವರಿಗೆ ಮುಂಬೈನಲ್ಲಿ ಒಬ್ಬರಾದರೂ ನೆಂಟರು ಇದ್ದೇ ಇರುತ್ತಾರೆ ಅಲ್ವಾ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮೊದಲಿನ 120 ದಿನದ ಲೆಕ್ಕ 2024ರ ನವೆಂಬರ್‌ಗೆ ಹೋಯಿತು. ಆ ದಿನ ಬೆಳಗ್ಗೆಯೇ ಕೂತು ಮಾಡಿ. ಅಜ್ಜ-ಅಜ್ಜಿಗೆ ಕೆಳಗಿನ ಬರ್ತ್ ಸಿಗಬೇಕಾದರೆ ವಯಸ್ಸು ಸರಿಯಾಗಿ ತುಂಬಿ, ಅವರಿಬ್ಬರದ್ದನ್ನು ಬೇರೆ ಟಿಕೆಟ್ ಮಾಡಿದರೆ ಸಿಗುವ ಸಾಧ್ಯತೆ ಜಾಸ್ತಿ. ಶಿರಸಿಯವರು ಹಿಂದಿನ ದಿನವೇ ಘಟ್ಟ ಇಳಿದು ಕುಮಟಾದಲ್ಲಿ ಉಳಿಯುವುದು ವಾಸಿ.

ಒಂದು ಎಚ್ಚರಿಕೆ. ಗುಜರಾತಿನಲ್ಲಿ ಪಾನನಿಷೇಧ ಇದೆ. ರೈಲು ಗೋವಾ ದಾಟಿ ಹೋಗುತ್ತದೆ ಅಂತ ಯಾರಾದರೂ ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡರೆ ಅಲ್ಲಿ ಅದು ಅಪರಾಧ. ಕುಟುಂಬದ ಪ್ರವಾಸ ಸ್ಟೇಷನ್‌ನಲ್ಲೇ ಮುಗಿಯಬಹುದು.

ಬ್ಯಾಗಿಗೆ ಏನು ಹಾಕಬೇಕು

ಕರಾವಳಿಯವರಿಗೆ ಇಲ್ಲೇ ಎಡವಟ್ಟಾಗುವುದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಸ್ವೆಟರ್ ಅನ್ನೋದೇ ಇರುವುದಿಲ್ಲ, ಮರುಭೂಮಿ ಅಂದರೆ ಸೆಕೆ ಅಂತ ತೆಳ್ಳಗಿನ ಬಟ್ಟೆ ತುಂಬುತ್ತೇವೆ. ಜನವರಿಯಲ್ಲಿ ಭುಜ್‌ನ ರಾತ್ರಿ 10 ಡಿಗ್ರಿ ಹತ್ತಿರ ಇಳಿಯುತ್ತದೆ, ಬಯಲಿನಲ್ಲಿ ಗಾಳಿ ಬೇರೆ. ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ಕಾಲುಚೀಲ ಎಲ್ಲರಿಗೂ ಬೇಕು. ಘಟ್ಟದ ಮೇಲಿನವರು ಕಂಬಳಿ ಕಂಡವರು, ಅವರಿಗೆ ಹೇಳಬೇಕಾಗಿಲ್ಲ. ಹಗಲು ಮಾತ್ರ ಹತ್ತಿ ಬಟ್ಟೆ ಸಾಕು, ಪೂರ್ತಿ ತೋಳಿನದ್ದು.

ಗಾಳಿ ಒಣ. ನಮಗೆ ವರ್ಷವಿಡೀ ಬೆವರಿ ಅಭ್ಯಾಸ, ಅಲ್ಲಿ ಬೆವರು ಬಂದಿದ್ದೇ ಗೊತ್ತಾಗದೆ ಆರಿಹೋಗುತ್ತದೆ. ಬಾಯಾರಿಕೆಯೂ ಆಗುವುದಿಲ್ಲ, ಸಂಜೆ ತಲೆನೋವು ಬಂದಾಗ ತಿಳಿಯುತ್ತದೆ. ಮಕ್ಕಳಿಗೆ ಗಂಟೆಗೊಮ್ಮೆ ಕರೆದು ನೀರು ಕೊಡಿ, ಕೇಳುವ ತನಕ ಕಾಯಬೇಡಿ. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕ ಹಾಕಿ ಭುಜ್‌ನಲ್ಲೇ ದೊಡ್ಡ ಕ್ಯಾನು ತುಂಬಿಸಿ ಗಾಡಿಯಲ್ಲಿ ಇಟ್ಟುಕೊಳ್ಳಿ, ಊರುಗಳಲ್ಲಿ ನೀರು ಸವಳು. ಓಆರ್‌ಎಸ್ ಪುಡಿ, ತುಟಿಗೆ ಹಚ್ಚಲು ವ್ಯಾಸಲೀನ್, ದಿನಾ ತೆಗೆದುಕೊಳ್ಳುವ ಮಾತ್ರೆಗಳು ಒಂದು ವಾರ ಜಾಸ್ತಿಗೆ. ತೆಂಗಿನೆಣ್ಣೆ ಅಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಕೊಂಡು ಹೋಗಿ.

ತಂಪು ಕನ್ನಡಕ ಮಕ್ಕಳಿಗೂ ಬೇಕೇ ಬೇಕು. ಬಿಳಿ ಉಪ್ಪಿನಿಂದ ಬಿಸಿಲು ಮೇಲಕ್ಕೆ ಎದ್ದು ಬರುತ್ತದೆ, ಟೊಪ್ಪಿ ಹಾಕಿಕೊಂಡರೂ ಕಣ್ಣಿಗೆ ಚುಚ್ಚುತ್ತದೆ. ಕಾಲಿಗೆ ಗಟ್ಟಿ ಬೂಟು, ಅದರ ಜೊತೆ ಹಳೇ ಚಪ್ಪಲಿ ಒಂದು ಜೊತೆ, ಉಪ್ಪಿನ ಮೇಲೆ ನಡೆಯಲಿಕ್ಕೆ. ಟಾರ್ಚ್ ಮರೆಯಬೇಡಿ.

ತಿನ್ನುವುದಕ್ಕೆ ನಮ್ಮದೇ ಸಾಮಾನು ಸ್ವಲ್ಪ ಇರಲಿ: ಹಚ್ಚಿದ ಅವಲಕ್ಕಿ, ಕೋಡಬಳೆ, ಬಾಳೆಕಾಯಿ ಚಿಪ್ಸ್, ಮುರುಗಲಿನ ಸಿರಪ್ಪು, ಕಷಾಯದ ಪುಡಿ. ಊಟ ಅಲ್ಲಿ ಚೆನ್ನಾಗಿಯೇ ಇರುತ್ತದೆ, ಸಜ್ಜೆ ರೊಟ್ಟಿ, ಖಿಚಡಿ-ಕಢಿ, ಮಜ್ಜಿಗೆ ಎಲ್ಲ ಮಕ್ಕಳೂ ತಿನ್ನುತ್ತಾರೆ, ದಾಬೇಲಿಯಂತೂ ಹುಟ್ಟಿದ್ದೇ ಕಛ್‌ನಲ್ಲಿ. ಆದರೆ ಮೀನು ಇಲ್ಲದೆ ಊಟ ಇಳಿಯದವರು ಮನಸ್ಸನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ, ನೀವು ಹೋಗುವ ಹೆಚ್ಚಿನ ಕಡೆ ಸಸ್ಯಾಹಾರವೇ.

ಕಾಗದಪತ್ರ ಮತ್ತು ಗಾಡಿ

ಬಿಳಿ ರಣ್ ಗಡಿಗೆ ಹತ್ತಿರ, ಅದಕ್ಕೆ ಪರ್ಮಿಟ್ ಬೇಕು. ಆನ್‌ಲೈನಿನಲ್ಲೂ ಸಿಗುತ್ತದೆ, ದಾರಿಯಲ್ಲಿ ಭಿರಂಡಿಯಾರಾ ಚೆಕ್‌ಪೋಸ್ಟ್‌ನಲ್ಲೂ ಮಾಡಿಸಬಹುದು. ಮಕ್ಕಳದ್ದೂ ಸೇರಿ ಎಲ್ಲರ ಆಧಾರ್ ಮೂಲಪ್ರತಿ, ಜೆರಾಕ್ಸ್ ಎರಡೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಬ್ಬರ ಕೈಯಲ್ಲೇ ಇರಲಿ. ಡ್ರೋನ್ ಮನೆಯಲ್ಲೇ ಬಿಡಿ.

ಗಾಡಿ ಭುಜ್‌ನಲ್ಲೇ ಮಾಡಿ, ಡ್ರೈವರ್ ಅಲ್ಲಿಯವರೇ ಆಗಿರಲಿ. ಮಾತಾಡುವಾಗ ದಿನದ ಬಾಡಿಗೆಗೆ ಎಷ್ಟು ಕಿಲೋಮೀಟರ್, ದಾಟಿದರೆ ಎಷ್ಟು, ಡ್ರೈವರ್ ಊಟ ಯಾರದ್ದು ಅಂತ ಮೊದಲೇ ಕೇಳಿ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಹಿಂದಿ ನಡೆಯುತ್ತದೆ. 'ಭಾಯ್' ಅಂತ ಕರೆದು ಜೊತೆಗೆ ಚಾ ಕುಡಿದರೆ ದಾರಿಯಲ್ಲಿ ಕಾಣುವ ಹಕ್ಕಿ, ಗುಡ್ಡ ಎಲ್ಲ ಅವರೇ ತೋರಿಸುತ್ತಾರೆ. ನಗದು ಹಣ ಇಟ್ಟುಕೊಳ್ಳಿ, ಬಿಳಿ ರಣ್ ದಾರಿಯ ಬನ್ನಿ ಎಂಬ ಹುಲ್ಲುಗಾವಲಿನ ಕಡೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ.

ಮೊದಲ ದಿನ ಭುಜ್‌ನಲ್ಲೇ

ರೈಲಿಳಿದ ದಿನ ದೂರ ಹೋಗಬೇಡಿ. ಬೆಳಗ್ಗೆ ನಿದ್ದೆ ಮಾಡಿ, ಮಧ್ಯಾಹ್ನದ ಮೇಲೆ ಭುಜಿಯಾ ಗುಡ್ಡದ ಸ್ಮೃತಿವನಕ್ಕೆ ಹೋಗಿ. 2001ರ ಜನವರಿ 26ರ ಭೂಕಂಪದಲ್ಲಿ ಇಲ್ಲಿ ಸಾವಿರಾರು ಜನ ಸತ್ತರು. ನಮ್ಮ ವಯಸ್ಸಿನವರಿಗೆ ಆ ದಿನದ ಟಿವಿ ಸುದ್ದಿ ನೆನಪಿರುತ್ತದೆ, ಮಕ್ಕಳಿಗೆ ಏನೂ ಗೊತ್ತಿಲ್ಲ. 2022ರಲ್ಲಿ ತೆರೆದ ಮ್ಯೂಸಿಯಂ ಇದು. ಕಛ್‌ನ ನೆಲ ಯಾಕೆ ಹೀಗಿದೆ ಅನ್ನೋದನ್ನು ಮುಂದಿನ ದಿನಗಳಿಗೆ ಬೇಕಾದಷ್ಟು ಇಲ್ಲಿಯೇ ತಿಳಿದುಕೊಳ್ಳಬಹುದು. ಭೂಕಂಪದ ಅನುಭವ ಕೊಡುವ ಕೋಣೆ ಒಂದಿದೆ, ನೆಲ ನಡುಗುತ್ತದೆ, ಸದ್ದೂ ಜೋರು. ಹೃದಯದ ತೊಂದರೆ ಇದ್ದವರು, ಬಸುರಿಯರು, ತೀರಾ ಸಣ್ಣ ಮಕ್ಕಳು ಹೊರಗೇ ಇರಲಿ. ನಡೆಯುವುದು ಸಾಕಷ್ಟಿದೆ, ಮೊಣಕಾಲು ನೋವಿನವರಿಗೆ ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ.

ಲಾವಾ ಗುಡ್ಡದ ದಿನ: ಧಿನೋಧರ್

ನನ್ನನ್ನು ಕೇಳಿದರೆ ಇದನ್ನು ಬಿಳಿ ರಣ್‌ಗಿಂತ ಮೊದಲೇ ಇಟ್ಟುಕೊಳ್ಳಿ. ಮೈಯಲ್ಲಿ ಶಕ್ತಿ ಇರುವಾಗ ಹತ್ತಬೇಕಾದ ಗುಡ್ಡ. ಭುಜ್‌ನಿಂದ ಪಶ್ಚಿಮಕ್ಕೆ ನಖತ್ರಾಣಾ ಕಡೆ ಹೋಗಿ ಒಳಕ್ಕೆ ತಿರುಗಬೇಕು, ಸುಮಾರು 60 ಕಿಲೋಮೀಟರ್. ಬೆಳಗಿನ ಜಾವ ಆರಕ್ಕೆ ಹೊರಟರೆ ಬಿಸಿಲೇರುವ ಮೊದಲು ಬುಡದಲ್ಲಿರುತ್ತೀರಿ.

ಎತ್ತರ ಸುಮಾರು 386 ಮೀಟರ್. ಘಟ್ಟ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು, ಆದರೆ ಸುತ್ತಲೂ ಚಪ್ಪಟೆ ಬಯಲು ಇರುವುದರಿಂದ ಗುಡ್ಡ ದೂರದಿಂದಲೇ ಒಂಟಿಯಾಗಿ ಎದ್ದು ಕಾಣುತ್ತದೆ. ಇದು ಜ್ವಾಲಾಮುಖಿಯ ಬಾಯಿಯೊಳಗೆ ಏರಿ ಬಂದ ಲಾವಾ ಅಲ್ಲೇ ಗಟ್ಟಿಯಾಗಿ ಉಳಿದ ಬಿರಡೆ. ಸುತ್ತಲಿನ ಮೆತ್ತಗಿನ ಕಲ್ಲು ಗಾಳಿ ಮಳೆಗೆ ಸವೆದು ಹೋಯಿತು, ಗಟ್ಟಿ ಬಿರಡೆ ನಿಂತಿತು. ದಖ್ಖನ್‌ನಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿಯಿತಲ್ಲ, ಡೈನೋಸಾರ್‌ಗಳ ಕೊನೆಗಾಲ, ಕಛ್‌ನ ಕಪ್ಪು ಕಲ್ಲೂ ಆ ಕಾಲದ ಕಥೆಗೇ ಸೇರಿದ್ದು. ಈಗ ಬೆಂಕಿ ಇಲ್ಲ, ಹೊಗೆ ಇಲ್ಲ, ಹೆದರಲು ಏನೂ ಇಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ತುದಿಗೆ ಹೋಗಿ ಕೆಂಪು ಲಾವಾ ಎಲ್ಲಿ ಅಂತ ಅಳುತ್ತಾರೆ.

ನಮ್ಮ ಮಕ್ಕಳಿಗೆ ಯಾಣ ಗೊತ್ತು. ಯಾಣದ ಬಂಡೆಯೂ ಕಪ್ಪು, ಭಸ್ಮಾಸುರ ಸುಟ್ಟು ಹೋದ ಜಾಗ ಅಂತ ಕಥೆ ಬೇರೆ ಇದೆ, ಹಾಗಾಗಿ ಅದೂ ಜ್ವಾಲಾಮುಖಿಯದ್ದೇ ಅಂತ ತಿಳಿದವರಿದ್ದಾರೆ. ಯಾಣ ಸುಣ್ಣಕಲ್ಲು, ನೀರು ಕೊರೆದು ಆ ಆಕಾರ ಬಂದಿದ್ದು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದ ಕಲ್ಲು ಮಾತ್ರ ನಿಜವಾಗಿ ಲಾವಾ, ಅದು ಧಿನೋಧರ್‌ಗಿಂತಲೂ ಹಳೆಯದು, ಸುಮಾರು 8.8 ಕೋಟಿ ವರ್ಷ. ಆ ದ್ವೀಪ ನೋಡಿದ ಮಕ್ಕಳಿಗೆ ಇಲ್ಲೂ ಕಂಬದ ಹಾಗೆ ಸೀಳಿದ ಬಂಡೆ ಹುಡುಕಲು ಹೇಳಿ. ಕಾದ ಲಾವಾ ಆರುತ್ತಾ ಕುಗ್ಗಿದಾಗ ಹಾಗೆ ಒಡೆಯುತ್ತದೆ. ಕಛ್‌ನ ಇಂಥ ಕೆಲವು ಗುಡ್ಡಗಳ ಕಲ್ಲಿನಲ್ಲಿ ಹಸಿರು ಹರಳಿನ ಗಂಟುಗಳೂ ಸಿಗುತ್ತವೆ. ಭೂಮಿಯ ಹೊರಚಿಪ್ಪಿನ ಕೆಳಗೆ, ಹತ್ತಾರು ಕಿಲೋಮೀಟರ್ ಆಳದಲ್ಲಿದ್ದ ಕಲ್ಲನ್ನು ಲಾವಾ ಹೊತ್ತು ತಂದಿದ್ದು ಅದು. ಕಂಡರೆ ಮುಟ್ಟಿ ನೋಡಲಿ, ಫೋಟೋ ತೆಗೆಯಲಿ. ಒಡೆದು ಜೇಬಿಗೆ ಹಾಕಿಕೊಳ್ಳುವುದು ಬೇಡ. ಇದರ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಬಂದವರೆಲ್ಲ ಒಂದೊಂದು ತುಂಡು ಒಯ್ದರೆ ಮುಂದಿನ ಮಕ್ಕಳಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ತುದಿಯಲ್ಲಿ ಧೋರಮನಾಥ ಎಂಬ ಯೋಗಿಯ ಗುಡಿ, ಬುಡದಲ್ಲಿ ಥಾನ್ ಎಂಬಲ್ಲಿ ನಾಥ ಜೋಗಿಗಳ ಹಳೆಯ ಮಠ. ಧೋರಮನಾಥ ಇಲ್ಲಿ ತಲೆ ಕೆಳಗಾಗಿ ನಿಂತು 12 ವರ್ಷ ತಪಸ್ಸು ಮಾಡಿದನಂತೆ. ಕಣ್ಣು ಬಿಟ್ಟರೆ ಮೊದಲ ನೋಟ ಬಿದ್ದ ಕಡೆ ಸುಟ್ಟು ಹೋಗುತ್ತದೆ ಅಂತ ಸಮುದ್ರದ ಕಡೆ ತಿರುಗಿ ನೋಡಿದ, ಸಮುದ್ರ ಬತ್ತಿ ರಣ್ ಆಯಿತು ಅಂತ ಅಲ್ಲಿಯ ಜನ ಹೇಳುತ್ತಾರೆ. ರಣ್ ಒಂದು ಕಾಲದಲ್ಲಿ ಸಮುದ್ರದ ತೋಳಾಗಿದ್ದದ್ದು ನಿಜ. ಹತ್ತುವಾಗ ಈ ಕಥೆ ಹೇಳಿದರೆ ಮಕ್ಕಳು ಕಾಲು ನೋವು ಅನ್ನದೆ ಹತ್ತುತ್ತಾರೆ.

ಹತ್ತಲಾಗದವರನ್ನು ಒತ್ತಾಯ ಮಾಡಬೇಡಿ. ನಮ್ಮ ಆಯಿ ಬುಡದಲ್ಲೇ, "ಆನು ಇಲ್ಲೇ ಕುತ್ಕತ್ತಿ, ನಿಂಗ ಹೋಗಿ ಬನ್ನಿ" ಅಂದು ಮಠದ ಜಗುಲಿಯಲ್ಲಿ ಕೂತರು. ನಾವು ಇಳಿದು ಬರುವಷ್ಟರಲ್ಲಿ ಅಲ್ಲಿಯ ಹೆಂಗಸರ ಜೊತೆ ಮಾತೇ ಬರದಿದ್ದರೂ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಬುಡದಲ್ಲಿ ಉಳಿಯುವವರ ಜೊತೆ ಒಬ್ಬರು ಇರಲಿ, ನೀರು, ಬಿಸ್ಕತ್ತು ಕೊಟ್ಟು ಹೋಗಿ.

ಹಾವಿನ ಬಗ್ಗೆ ಸ್ವಲ್ಪ ಹುಷಾರು. ಇಂಥ ಒಣ ಕಲ್ಲುಗುಡ್ಡಗಳಲ್ಲಿ ಮರಳು ಬಣ್ಣದ ಸಣ್ಣ ಮಂಡಲದ ಹಾವು ಇರುತ್ತದೆ, ವಿಷದ್ದು. ಕಲ್ಲಿನ ಸಂದಿಗೆ ಕೈ ಹಾಕಬಾರದು, ದಾರಿ ಬಿಟ್ಟು ಪೊದೆಗೆ ಹೋಗಬಾರದು. ಹತ್ತು ಗಂಟೆಯೊಳಗೆ ಇಳಿದುಬಿಡಿ.

ಇನ್ನೂ ಉತ್ಸಾಹ ಇದ್ದರೆ ಅದೇ ದಾರಿಯಲ್ಲಿ ಮುಂದೆ ಮಾತಾ ನೋ ಮಢ್, ಆಶಾಪುರಾ ದೇವಿಯ ದೊಡ್ಡ ದೇವಸ್ಥಾನ. ಅದರ ಹತ್ತಿರದ ನೆಲದಲ್ಲಿ ಸಿಗುವ ಜಾರೋಸೈಟ್ ಎಂಬ ಹಳದಿ ಖನಿಜ ಮಂಗಳ ಗ್ರಹದಲ್ಲೂ ಕಂಡಿದೆ, ಹಾಗಾಗಿ ವಿಜ್ಞಾನಿಗಳು ಮಂಗಳವನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಗೆ ಬರುತ್ತಾರೆ. ಅಜ್ಜಿಗೆ ದೇವಿ, ಮೊಮ್ಮಗನಿಗೆ ಮಂಗಳ ಗ್ರಹ, ಇಬ್ಬರಿಗೂ ಸಮಾಧಾನ.

ಬಿಳಿ ರಣ್‌ನ ದಿನ

ಇವತ್ತು ಬೆಳಗ್ಗೆ ಬೇಗ ಏಳುವ ಅವಸರ ಇಲ್ಲ. ದಿಕ್ಕು ಉತ್ತರ. ಮೊದಲು ಕಾಲೋ ಡುಂಗರ್ ಗುಡ್ಡ, ಆಮೇಲೆ ಇಳಿದು ಸಂಜೆಗೆ ಧೋರ್ಡೋ. ಕಾಲೋ ಡುಂಗರ್ 462 ಮೀಟರ್, ಕಛ್‌ನಲ್ಲೇ ಎತ್ತರದ್ದು, ಗಾಡಿ ಹತ್ತಿರದ ತನಕ ಹೋಗುತ್ತದೆ. ಮೇಲೆ ದತ್ತಾತ್ರೇಯ ಗುಡಿ. ಪೂಜೆ ಆದ ಮೇಲೆ ಪ್ರಸಾದದ ಅನ್ನವನ್ನು ಕಟ್ಟೆಯ ಮೇಲೆ ಸುರಿದು ನರಿಗಳನ್ನು ಕೂಗಿ ಕರೆಯುತ್ತಾರೆ, ಇಳಿಜಾರಿನ ಪೊದೆಗಳಿಂದ ನರಿಗಳು ಬರುತ್ತವೆ. ಮಕ್ಕಳು ಗಲಾಟೆ ಮಾಡಿದರೆ ಅವು ಬರುವುದಿಲ್ಲ, ಸುಮ್ನೆ ಕೂರಿಸಿ.

ದಾರಿಯ ಎರಡೂ ಕಡೆ ಬನ್ನಿ ಹುಲ್ಲುಗಾವಲು. ಎಮ್ಮೆ ಸಾಕುವ ಮಾಲ್ಧಾರಿಗಳ ನಾಡು ಇದು, ಇಲ್ಲಿಯ ಬನ್ನಿ ಎಮ್ಮೆಗಳು ರಾತ್ರಿ ತಾವಾಗಿಯೇ ಮೇಯಲು ಹೋಗಿ ಬೆಳಗ್ಗೆ ಹಟ್ಟಿಗೆ ಬರುತ್ತವೆ. ಆದರೆ ನಿಮಗೆ ಹುಲ್ಲಿಗಿಂತ ಜಾಸ್ತಿ ಕಾಣುವುದು ಜಾಲಿ. ನಮ್ಮ ಬಯಲುಸೀಮೆಯವರು ಬಳ್ಳಾರಿ ಜಾಲಿ ಅನ್ನುತ್ತಾರಲ್ಲ, ಅದೇ. ಉಪ್ಪು ಮುಂದೆ ಬರುವುದನ್ನು ತಡೆಯಲು ಅಂತ ಹಾಕಿದ್ದು, ಈಗ ಹುಲ್ಲನ್ನೇ ನುಂಗುತ್ತಿದೆ. ದುಂಡಗಿನ ಭುಂಗಾ ಮನೆಗಳು, ಗೋಡೆಗೆ ಮಣ್ಣಿನಲ್ಲಿ ಕೂರಿಸಿದ ಕನ್ನಡಿಚೂರುಗಳು ಕಾಣುವ ಊರಿನಲ್ಲಿ ನಿಲ್ಲಿಸಿ, ಕೇಳಿಕೊಂಡು ಒಳಗೆ ಹೋಗಿ. ಕಸೂತಿ ಕೊಳ್ಳುವುದಿದ್ದರೆ ಹೊಲಿದವರ ಕೈಯಿಂದಲೇ ಕೊಳ್ಳಿ, ಜಾಸ್ತಿ ಚೌಕಾಸಿ ಬೇಡ.

ಬಿಳಿ ಬಯಲಿನ ಹತ್ತಿರ ಗಾಡಿ ನಿಲ್ಲಿಸಿ ಅಲ್ಲಿಂದ ನಡೆಯಬೇಕು, ಒಂಟೆಗಾಡಿಯೂ ಸಿಗುತ್ತದೆ. ಸೂರ್ಯ ಮುಳುಗುವುದಕ್ಕೆ ಒಂದೂವರೆ ಗಂಟೆ ಮೊದಲು ಅಲ್ಲಿರಿ. ಮೊದಲ ನೂರು ಹೆಜ್ಜೆ ಕೊಳಕಾಗಿಯೇ ಇರುತ್ತದೆ, ಜನ ತುಳಿದದ್ದು. ಸ್ವಲ್ಪ ದೂರ ನಡೆದ ಮೇಲೆ ಕೆಳಗೆ ಕೂತು ನೋಡಿ. ಉಪ್ಪು ಹರಳು ಹರಳಾಗಿ ನಿಂತಿರುತ್ತದೆ, ಕಾಲಿಟ್ಟರೆ ಕರಕರ ಅನ್ನುತ್ತದೆ, ನೆಲದ ಮೇಲೆ ಐದು ಆರು ಮೂಲೆಯ ಚೌಕಟ್ಟುಗಳು ಗೆರೆ ಎಳೆದಂತೆ ಕಣ್ಣು ಹರಿಯುವ ತನಕ. ಬೆರಳಿನಿಂದ ಸ್ವಲ್ಪ ಎಬ್ಬಿಸಿದರೆ ಪದರದ ಕೆಳಗೇ ಕಪ್ಪು ಕೆಸರು, ತಣ್ಣಗೆ. ಅದಕ್ಕೇ ಗುರುತು ಹಾಕಿದ ಜಾಗ ದಾಟಬಾರದು. ಮೇಲೆ ಗಟ್ಟಿ ಕಂಡರೂ ಒಳಗೆ ಕಾಲು ಹೂತುಹೋಗುವ ಜಾಗಗಳಿವೆ.

ಕುಮಟಾ ಕಡೆಯ ಮಕ್ಕಳಿಗೆ ಸಾಣಿಕಟ್ಟಾ ಆಗರ ಗೊತ್ತಿರುತ್ತದೆ. ಅಲ್ಲಿ ಅಳವೆಯ ನೀರನ್ನು ಗದ್ದೆಗೆ ಬಿಟ್ಟು ಒಣಗಿಸಿ ಉಪ್ಪು ತೆಗೆಯುತ್ತಾರೆ. ಇಲ್ಲಿ ಮಳೆ ನೀರು, ಸಮುದ್ರದ ನೀರು ಎರಡೂ ಬಂದು ನಿಂತು, ಹರಿದು ಹೋಗಲು ದಾರಿಯಿಲ್ಲದೆ ಬಿಸಿಲಿಗೆ ತಾನಾಗಿಯೇ ಉಪ್ಪಾಗುತ್ತದೆ. 1819ರ ಭೂಕಂಪದಲ್ಲಿ ಈ ರಣ್‌ನ ಪಶ್ಚಿಮದಲ್ಲಿ ನೆಲವೇ ಉಬ್ಬಿ ಉದ್ದಕ್ಕೆ ದಿಬ್ಬ ಎದ್ದಿತು, ಅಲ್ಲಾಹ್ ಬಂಡ್ ಅನ್ನುತ್ತಾರೆ. ಒಳಗೆಲ್ಲೋ ದೂರದಲ್ಲಿ ರಾಜಹಂಸಗಳು ಗೂಡು ಕಟ್ಟುವ ಜಾಗವಿದೆ. ಅಲ್ಲಿಗೆ ನಾವು ಹೋಗುವಂತಿಲ್ಲ, ಹೋಗಬಾರದು ಕೂಡ. 1986ರಿಂದ ಅದು ಅಭಯಾರಣ್ಯ, 7,500 ಚದರ ಕಿಲೋಮೀಟರ್‌ಗೂ ಜಾಸ್ತಿ.

ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಒಂದೂ ಅಲ್ಲಿ ಬಿಡಬೇಡಿ. ಬಿಳಿ ನೆಲದಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಅರ್ಧ ಮೈಲಿಯಿಂದ ಕಾಣುತ್ತದೆ, ಗಾಳಿಗೆ ಹಾರಿ ಗಡಿಯ ತನಕ ಹೋಗುತ್ತದೆ.

ಇನ್ನೊಂದು ದಿನ ಇದ್ದರೆ

ಧೋಲಾವೀರಾಕ್ಕೆ ಹೋಗಿ. ಹರಪ್ಪಾ ಕಾಲದ ಊರು, 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಭುಜ್‌ನ ಉತ್ತರಕ್ಕಿರುವ ಖಾವಡಾ ಊರಿನಿಂದ ರಣ್ ಸೀಳಿಕೊಂಡು ಹೋಗುವ ಹೊಸ ರಸ್ತೆ ಇದೆ, ಎರಡೂ ಕಡೆ ಬಿಳಿ. ಮಳೆ ಅಪರೂಪದ ನಾಡಿನಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಕಲ್ಲು ಕಟ್ಟಿ ಮಾಡಿದ ಕೆರೆಗಳನ್ನು ನೋಡುವಾಗ, ಮಳೆಗಾಲದಲ್ಲಿ ಮೂರು ತಿಂಗಳು ನೀರಲ್ಲೇ ಮುಳುಗಿ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮ್ಮೂರುಗಳ ನೆನಪಾಗದೆ ಇರುವುದಿಲ್ಲ. ಒಂದು ವಿಷಯ: ಆ ರಸ್ತೆಯಲ್ಲಿ ಶೌಚಾಲಯ, ಹೋಟೆಲ್ ಅಂತ ನಂಬಿಕೊಳ್ಳುವ ಹಾಗಿಲ್ಲ. ಖಾವಡಾದಲ್ಲೇ ಎಲ್ಲ ಮುಗಿಸಿಕೊಂಡು ಊಟ ಕಟ್ಟಿಸಿಕೊಳ್ಳಿ.

ಹಕ್ಕಿ ಇಷ್ಟವಿದ್ದವರು ಅದರ ಬದಲು ಛಾರಿ ಢಂಢ್ ಎಂಬ ಕೆರೆಗೆ ಹೋಗಲಿ, ಭುಜ್‌ನಿಂದ ಸುಮಾರು 80 ಕಿಲೋಮೀಟರ್. ನಮ್ಮ ಅಘನಾಶಿನಿ ಅಳವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತಲ್ಲ, ಅಲ್ಲಿ ದೋಣಿಯಲ್ಲಿ ಕೂತು ಹಕ್ಕಿ ನೋಡಿದವರಿಗೆ ಇಲ್ಲಿ ಸಾವಿರಾರು ಕ್ರೌಂಚಗಳು ಸಂಜೆ ಸಾಲುಗಟ್ಟಿ ಇಳಿಯುವುದು ಬೇರೆಯೇ ನೋಟ. ಮಳೆ ಕಡಿಮೆಯಾದ ವರ್ಷ ಕೆರೆ ಒಣಗಿರುತ್ತದೆ, ಹೋಟೆಲಿನವರನ್ನು ಕೇಳಿಯೇ ಹೊರಡಿ. ಅರಣ್ಯ ಇಲಾಖೆಯ ಅನುಮತಿ ಬೇಕು.

ವಾಪಸ್ ಬರುವಾಗ ಕಾಡುಕತ್ತೆ

ಚಿಕ್ಕ ರಣ್ ಎಂಬ ಇನ್ನೊಂದು ಉಪ್ಪಿನ ಬಯಲು, ಕಾಡುಕತ್ತೆಗಳ ಜಾಗ, ಇರುವುದು ಅಹಮದಾಬಾದಿನ ದಾರಿಯಲ್ಲಿ, ಹಾಗಾಗಿ ಇದನ್ನು ಕೊನೆಗೆ ಇಡಿ. ಭುಜ್‌ನಿಂದ ರೈಲಿನಲ್ಲಿ ಧ್ರಾಂಗಧ್ರಾ ಇಳಿಯಬಹುದು, ಇಲ್ಲವೇ ಗಾಡಿಯಲ್ಲಿ ಬಜಾಣಾ ಅಥವಾ ಝೈನಾಬಾದ್. 4,954 ಚದರ ಕಿಲೋಮೀಟರ್ ಅಭಯಾರಣ್ಯ, ಮಳೆಗಾಲದಲ್ಲಿ ಮುಚ್ಚಿರುತ್ತದೆ. ಭಾರತದ ಕಾಡುಕತ್ತೆ, ಅಲ್ಲಿಯವರು ಘುಡ್‌ಖರ್ ಅನ್ನುವ ಪ್ರಾಣಿ, ಇಲ್ಲಿ ಬಿಟ್ಟರೆ ಬೇರೆಲ್ಲೂ ಇಷ್ಟು ಸಂಖ್ಯೆಯಲ್ಲಿ ಉಳಿದಿಲ್ಲ. 1960ರ ದಶಕದಲ್ಲಿ ರೋಗ ಬಂದು ಕೆಲವೇ ನೂರಕ್ಕೆ ಇಳಿದಿದ್ದವು, 2024ರ ಎಣಿಕೆಯಲ್ಲಿ 7,600 ದಾಟಿವೆ. ಹಾಗೆ ಉಳಿದಿದ್ದು ಕಾಯ್ದಿದ್ದರಿಂದ.

ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿನ ಸಫಾರಿ ತೆಗೆದುಕೊಳ್ಳಿ, ತೆರೆದ ಜೀಪು, ಮಕ್ಕಳಿಗೆ ಕಂಬಳಿ ಸುತ್ತಿ ಕೂರಿಸಿ. ಹೆಣ್ಣುಕತ್ತೆಗಳ ಜೊತೆ ಮರಿಗಳಿರುತ್ತವೆ. ಅವು ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲವು, ಆ ಓಟ ತೋರಿಸೋಣ ಅಂತ ಕೆಲವು ಡ್ರೈವರ್‌ಗಳು ಜೀಪನ್ನು ಹಿಂದೆ ಬಿಡುತ್ತಾರೆ, ಪ್ರವಾಸಿಗರೂ ಇನ್ನೂ ಜೋರು ಅನ್ನುತ್ತಾರೆ. ಹತ್ತುವಾಗಲೇ ಹೇಳಿಬಿಡಿ: "ಭಾಯ್, ಓಡಿಸೋದು ಬೇಡ, ದೂರದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ." ಹತ್ತು ನಿಮಿಷ ಸದ್ದಿಲ್ಲದೆ ಕೂತರೆ ಅವು ತಾವಾಗಿಯೇ ಮೇಯುತ್ತಾ ಹತ್ತಿರ ಬರುತ್ತವೆ.

ಅದೇ ಬಯಲಿನಲ್ಲಿ ಅಗರಿಯಾಗಳ ಉಪ್ಪಿನ ಮಡಿಗಳಿವೆ. ನೆಲದೊಳಗಿನ ಉಪ್ಪುನೀರನ್ನು ಪಂಪಿನಿಂದ ಎತ್ತಿ, ಚಳಿಗಾಲ ಪೂರ್ತಿ ಅಲ್ಲೇ ಗುಡಿಸಲು ಹಾಕಿ, ಮಕ್ಕಳುಮರಿ ಸಮೇತ ದುಡಿಯುತ್ತಾರೆ. ಸಫಾರಿಯವರಿಗೆ ಹೇಳಿ ಒಂದು ಕಡೆ ನಿಲ್ಲಿಸಿ. ಚಾ ಕೊಡುತ್ತಾರೆ, ಕೊಟ್ಟರೆ ಕುಡಿಯಿರಿ, ಮಕ್ಕಳಿಗೆ ಅಂತ ನೋಟ್‌ಬುಕ್ಕು, ಪೆನ್ಸಿಲ್ಲು ಒಯ್ದಿದ್ದರೆ ಕೊಡಿ. ಕೇಳದೆ ಅವರ ಮುಖದ ಫೋಟೋ ತೆಗೆಯಬೇಡಿ.

ರೂಮಿಗೆ ಬಂದ ಕೂಡಲೇ ಚಪ್ಪಲಿ, ಬೂಟು, ಕ್ಯಾಮೆರಾದ ಸ್ಟ್ಯಾಂಡು, ಬ್ಯಾಗಿನ ಜಿಪ್ಪು ಎಲ್ಲ ಸಿಹಿನೀರಿನಲ್ಲಿ ಒರೆಸಿ ಒಣಗಿಸಿ. ಹಾಗೇ ಕಟ್ಟಿ ತಂದರೆ ನಮ್ಮ ಕರಾವಳಿಯ ತೇವಕ್ಕೆ ಆ ಉಪ್ಪು ನೀರೊಡೆದು ಒಂದೇ ವಾರದಲ್ಲಿ ತುಕ್ಕು ಹಿಡಿಸುತ್ತದೆ. ಅಹಮದಾಬಾದಿನಿಂದ ಕೊಂಕಣದ ಕಡೆ ಬರುವ ರೈಲುಗಳು ವಾರದಲ್ಲಿ ಕೆಲವೇ ದಿನ, ಆದ್ದರಿಂದ ಸಫಾರಿಯ ದಿನವನ್ನು ರೈಲಿನ ದಿನ ನೋಡಿಕೊಂಡೇ ನಿಗದಿ ಮಾಡಿ.